ಹೊಯ್ಸಳರ ನಾಡಿಗೆ ಬಾರದ ‘ಹೊಯ್! ಸಳ’: ಸ್ವತಂತ್ರ ಆಲ್ಬಂಗಳು ನಮ್ಮ ಕಿವಿಗೆ ಯಾಕೆ ಬೀಳುತ್ತಿಲ್ಲ?

ಬೆಂಗಳೂರಿನ ‘ದ್ವೇಷ’ ಡೆತ್ ಮೆಟಲ್ (ಅಬ್ಬರದ, ಗುಡುಗುವ ದನಿಯ ರಾಕ್) ಬ್ಯಾಂಡಿನವರು ಹಾಡುವುದು ಕನ್ನಡದಲ್ಲಿ. 2014ರಲ್ಲಿ ಬಂದ ಅವರ ‘ಸ್ತೂಪ’ ಆಲ್ಬಂನಲ್ಲಿ ‘ಹೊಯ್! ಸಳ’ ಎಂಬ ಹಾಡೊಂದಿದೆ. ಸಳ ಹುಲಿಯನ್ನು ಹೊಯ್ದನೆಂದು ಹೇಳುವ ಸೊಸೆವೂರು, ಅಂದರೆ ಇವತ್ತಿನ ಅಂಗಡಿ, ಇರುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ. ಆ ಕಥೆಯನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿರುವುದು ಹಾಸನ ಜಿಲ್ಲೆಯ ಬೇಲೂರಿನಲ್ಲಿ. ಹಾಡು ಮಾತ್ರ ಈ ಎರಡೂ ಜಿಲ್ಲೆಗಳ ತಲೆ ಮೇಲೆ ಹಾದು ಜರ್ಮನಿಗೆ ಹೋಯಿತು. ಆಲ್ಬಂ ಪ್ರಕಟಿಸಿದ್ದು ಅಲ್ಲಿನ ಡುಂಕೆಲ್‌ಹೈಟ್ ಪ್ರೊಡಕ್ಷನ್ಸ್ ಎಂಬ ಸಣ್ಣ ಲೇಬಲ್. ಒಂದಕ್ಷರ ಕನ್ನಡ ಬಾರದ ಯೂರೋಪಿನ ಮೆಟಲ್ ಪ್ರಿಯರು ಅದನ್ನು ಕೇಳಿದರು. ಹಾಸನದ ಕಾಲೇಜುಗಳಲ್ಲಿ ಗಿಟಾರ್ ಹೆಗಲಿಗೇರಿಸಿಕೊಂಡು ಮೆಟಾಲಿಕಾ ಟೀಶರ್ಟಿನಲ್ಲಿ ಓಡಾಡುವ ಹುಡುಗರಲ್ಲಿ ಈ ಬ್ಯಾಂಡಿನ ಹೆಸರು ಗೊತ್ತಿರುವವರು ನನಗಂತೂ ಅಪರೂಪಕ್ಕೆ ಸಿಕ್ಕಿದ್ದಾರೆ.

ಹುಡುಗರ ತಪ್ಪೇನೂ ಇಲ್ಲ. ಹಾಡು ಬಚ್ಚಿಟ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಹುಡುಕಬೇಕಾದರೆ ಮೊದಲು ಹೆಸರು ಗೊತ್ತಿರಬೇಕಲ್ಲ? ಆ ಹೆಸರನ್ನು ನಮಗೆ ಹೇಳುವವರು ಯಾರು ಎಂಬಲ್ಲಿಗೆ ಎಲ್ಲವೂ ಬಂದು ನಿಲ್ಲುತ್ತದೆ. ಸಿನಿಮಾದ ಹಂಗಿಲ್ಲದೆ, ಕಂಪನಿಯ ದುಡ್ಡಿಲ್ಲದೆ, ತಮಗೆ ತೋಚಿದಂತೆ ಸಂಗೀತ ಮಾಡಿ ಆಲ್ಬಂ ಬಿಡುವವರು ಈಗ ಹಿಂದೆಂದಿಗಿಂತ ಹೆಚ್ಚಿದ್ದಾರೆ. ಅವರಿಗೂ ಕೇಳುಗನಿಗೂ ನಡುವೆ ನಿಂತು ‘ಇದೊಂದು ಕೇಳಿ ನೋಡಿ’ ಅನ್ನುತ್ತಿದ್ದ ಮನುಷ್ಯ ಎದ್ದು ಹೋಗಿದ್ದಾನೆ. ಅವನ ಕುರ್ಚಿಯಲ್ಲಿ ಕೂತಿರುವ ಯಂತ್ರಕ್ಕೆ, ಅಂದರೆ ಹಾಡಿನ ಆ್ಯಪುಗಳಲ್ಲಿ ಮುಂದೇನು ಕೇಳಬೇಕೆಂದು ಸೂಚಿಸುವ ಲೆಕ್ಕಾಚಾರಕ್ಕೆ, ಸಣ್ಣದು ಕಾಣಿಸುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ಸರಿದೂಗಿಸಿಕೊಳ್ಳಲು ಬ್ಯಾಂಡುಗಳು ಎದುರಿಗೇ ನುಡಿಸುವ ಗಿಗ್‌ಗಳಿವೆ, ಗೆಳೆಯರ ಗುಂಪುಗಳಿವೆ. ಹಾಸನ, ಚಿಕ್ಕಮಗಳೂರಿನಲ್ಲಿ ಕೂತವನಿಗೆ ಆ ಯಂತ್ರವೇ ಗತಿ.

ರಾಶಿ ಮತ್ತು ಪೂಲು

ಮೊದಲು ರಾಶಿಯ ಗಾತ್ರ ನೋಡೋಣ. ಸಂಗೀತದ ಮಾರಾಟ ಮತ್ತು ಸ್ಟ್ರೀಮಿಂಗ್ ಲೆಕ್ಕವಿಡುವ ಅಮೆರಿಕದ ಲೂಮಿನೇಟ್ ಸಂಸ್ಥೆಯ 2023ರ ವರದಿ ಪ್ರಕಾರ, ಸ್ಟ್ರೀಮಿಂಗ್ ಸೇವೆಗಳಲ್ಲಿದ್ದ ಹಾಡುಗಳು 18.4 ಕೋಟಿ. ಅವುಗಳಲ್ಲಿ 4.56 ಕೋಟಿ ಹಾಡುಗಳನ್ನು ಆ ವರ್ಷ ಒಬ್ಬರೂ ಒಮ್ಮೆಯೂ ಕೇಳಲಿಲ್ಲ. ಸಾಲದ್ದಕ್ಕೆ ಎಐ ಬಂತು. ಫ್ರಾನ್ಸಿನ ಡೀಜರ್ ಸೇವೆಗೆ 2025ರ ನವೆಂಬರ್ ಹೊತ್ತಿಗೆ ದಿನಕ್ಕೆ ಸುಮಾರು 50,000 ಎಐ ಹಾಡುಗಳು ಬಂದು ಬೀಳುತ್ತಿದ್ದವು. ಅಲ್ಲಿಗೆ ದಿನವೂ ಬರುವ ಹೊಸ ಹಾಡುಗಳಲ್ಲಿ ಇದು ಶೇ 34ರಷ್ಟು ಎಂದು ಕಂಪನಿಯೇ ಹೇಳಿಕೊಂಡಿದೆ.

ಇಷ್ಟು ದೊಡ್ಡ ರಾಶಿಯಿಂದ ಯಂತ್ರ ಹೇಗೆ ಆರಿಸುತ್ತದೆ? ಅದರ ಮುಖ್ಯ ಉಪಾಯ ಸರಳ: ಈ ಹಾಡು ಕೇಳಿದವರು ಇನ್ನೇನು ಕೇಳಿದರು ಎಂದು ನೋಡುವುದು, ಅದನ್ನೇ ನಿಮಗೂ ಮುಂದಿಡುವುದು. ಸಾವಿರಾರು ಜನ ಕೇಳಿದ ಹಾಡಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮೂವತ್ತು ಜನ ಕೇಳಿದ ಹಾಡಿನ ಬಗ್ಗೆ ಯಂತ್ರದ ಹತ್ತಿರ ಸಾಕಷ್ಟು ಸುಳಿವೇ ಇರುವುದಿಲ್ಲ. ಸುಳಿವಿಲ್ಲದ್ದರಿಂದ ತೋರಿಸುವುದಿಲ್ಲ, ತೋರಿಸದ್ದರಿಂದ ಮೂವತ್ತೊಂದನೆಯವನು ಬರುವುದಿಲ್ಲ. ಪ್ರಯೋಗಶೀಲ ಸಂಗೀತಕ್ಕೆ ಇನ್ನೊಂದು ತೊಡಕೂ ಇದೆ. ಇಪ್ಪತ್ತು ನಿಮಿಷದ ಒಂದೇ ನಾದದ ತುಣುಕನ್ನು ಹತ್ತರಲ್ಲಿ ಎಂಟು ಜನ ಮೊದಲ ಅರ್ಧ ನಿಮಿಷದಲ್ಲೇ ದಾಟಿಸಿ ಮುಂದೆ ಹೋಗುತ್ತಾರೆ. ಉಳಿದಿಬ್ಬರು ಪೂರ್ತಿ ಕೇಳಿ ಮರುಳಾದರೂ ಸರಾಸರಿಯಲ್ಲಿ ಅವರ ಮಾತು ಮುಳುಗಿಹೋಗುತ್ತದೆ.

ದುಡ್ಡಿನ ಲೆಕ್ಕ ನಮ್ಮ ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾದೀತು. ತೊಂಬತ್ತರ ದಶಕದವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ಎಲ್ಲರದ್ದನ್ನೂ ಒಟ್ಟಿಗೆ ಮಾರಿ, ಬಂದ ಹಣವನ್ನು ಅವರವರ ಪಾಲಿನ ಪ್ರಕಾರ ಕಂತಿನಲ್ಲಿ ಹಂಚುತ್ತಿದ್ದರು. ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್ ನಡೆಯುವುದೂ ಪೂಲಿನ ಮೇಲೇ. ನಾನು ತಿಂಗಳಿಡೀ ಒಂದೇ ಸಣ್ಣ ಬ್ಯಾಂಡನ್ನು ಕೇಳಿದರೂ ನನ್ನ ಚಂದಾ ನೇರ ಆ ಬ್ಯಾಂಡಿಗೆ ಹೋಗುವುದಿಲ್ಲ. ಒಟ್ಟು ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟು ಎಂಬುದರ ಮೇಲೆ ಹಂಚಿಕೆಯಾಗುತ್ತದೆ. ಕಾಫಿ ಪೂಲಿನಲ್ಲಿ ಎರಡು ಮೂಟೆ ಹಾಕಿದವನಿಗೂ ಎರಡು ಮೂಟೆಯ ಲೆಕ್ಕವಿತ್ತು. ಇಲ್ಲಿ 2024ರಿಂದ ಹೊಸ ನಿಯಮ ಬಂದಿದೆ: ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಧ್ವನಿಮುದ್ರಣದ ರಾಯಧನ ಸೊನ್ನೆ. 900 ಸಲ ಕೇಳಿಸಿಕೊಂಡ ಕನ್ನಡದ ಪ್ರಯೋಗವೊಂದರ ಪಾಲು ಪೂಲಿಗೇ ಹೋಗಿ ದೊಡ್ಡವರಿಗೆ ಸೇರುತ್ತದೆ.

ಸ್ಪಾಟಿಫೈನಲ್ಲಿ 2020ರಲ್ಲಿ ಶುರುವಾದ ‘ಡಿಸ್ಕವರಿ ಮೋಡ್’ ಇನ್ನೂ ಸ್ವಾರಸ್ಯ. ರೇಡಿಯೋ, ಆಟೋಪ್ಲೇ ಥರದ ಕಡೆ ತನ್ನ ಹಾಡು ಹೆಚ್ಚು ಕಾಣಿಸಿಕೊಳ್ಳಲಿ ಎಂದು ಕಲಾವಿದನೋ ಲೇಬಲ್ಲೋ ಒಪ್ಪಿಕೊಂಡರೆ, ಅಲ್ಲಿಂದ ಬರುವ ರಾಯಧನದಲ್ಲಿ ಶೇ 30ರಷ್ಟನ್ನು ಸ್ಪಾಟಿಫೈ ಕಮಿಷನ್ ಹಿಡಿಯುತ್ತದೆ. ‘ನಿಮ್ಮ ಅಭಿರುಚಿಗೆ ತಕ್ಕಂತೆ’ ಎಂದು ಬರುವ ಹಾಡು ನಿಮ್ಮ ಅಭಿರುಚಿಯಿಂದ ಬಂತೋ, ಈ ರಿಯಾಯಿತಿಯಿಂದ ಬಂತೋ ಗೊತ್ತಾಗುವ ದಾರಿ ಕೇಳುಗನಿಗಿಲ್ಲ.

ಕನ್ನಡದ ಮಟ್ಟಿಗೆ ಹುಡುಕಾಟವೇ ಒಂದು ಅಡ್ಡಿ. ಯಾವ ಆ್ಯಪಿನಲ್ಲಾದರೂ ‘ಕನ್ನಡ’ ಎಂದು ಹಾಕಿ ನೋಡಿ, ಮೊದಲು ಬರುವುದು ಸಿನಿಮಾ. ಹೊಸ ಸಿನಿಮಾ, ಹಳೆ ಸಿನಿಮಾ, ಹಳೆ ಸಿನಿಮಾದ ಲೋಫೈ ರೀಮಿಕ್ಸ್. ಆಮೇಲೆ ಭಕ್ತಿಗೀತೆ, ಜಾನಪದ, ರ‍್ಯಾಪ್. ಕನ್ನಡ ಎಂಬ ಭಾಷೆಯ ಪಟ್ಟಿಯೊಳಗೆ ಶೈಲಿಯ ಪಟ್ಟಿ ಅಲ್ಲಿಗೇ ಮುಗಿಯುತ್ತದೆ. ಮೆಟಲ್, ಆಂಬಿಯೆಂಟ್, ಎಲೆಕ್ಟ್ರಾನಿಕ್ ಹುಡುಕಬೇಕಾದರೆ ಇಂಗ್ಲಿಷಿನ ಬಾಗಿಲಿಂದ ಒಳಗೆ ಹೋಗಬೇಕು, ಅಲ್ಲಿ ಕನ್ನಡದ್ದು ಎಂಬ ಗುರುತು ಅಳಿಸಿರುತ್ತದೆ. ಇದರ ಮೇಲೆ ಕಾಗುಣಿತದ ಕಾಟ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಬ್ಬರಿಗೆ ಎಚ್ ಹೆಚ್ಚು, ಇನ್ನೊಬ್ಬರಿಗೆ ಎರಡು ಎ. ಸ್ಟಾರ್ ಗಾಯಕರ ಹೆಸರು ಹೇಗೆ ಬರೆದರೂ ಯಂತ್ರ ತಿದ್ದಿಕೊಳ್ಳುತ್ತದೆ. ಮೂವತ್ತು ಕೇಳುಗರ ಬ್ಯಾಂಡಿನ ಹೆಸರು ಒಂದಕ್ಷರ ತಪ್ಪಿದರೂ ‘ಫಲಿತಾಂಶವಿಲ್ಲ’.

ಕ್ಯಾಸೆಟ್ ಅಂಗಡಿಯವನಿಗೂ ಮಿತಿಯಿತ್ತು

ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ನನಗೆ ಮನಸ್ಸಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಪ್ರತಿ ಊರಿನ ಬಸ್‌ಸ್ಟ್ಯಾಂಡ್ ಪಕ್ಕ ಒಂದಾದರೂ ಕ್ಯಾಸೆಟ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ಟೂ ಹಾಡಿನ ಪಟ್ಟಿಯೂ ಕೊಟ್ಟರೆ ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಪಟ್ಟಿ ಮುಗಿದು ಬಿ ಸೈಡಿನಲ್ಲಿ ಜಾಗ ಉಳಿದರೆ ಅಂಗಡಿಯವನು ತನಗಿಷ್ಟವಾದ ಒಂದೆರಡು ಹಾಡು ಸೇರಿಸುತ್ತಿದ್ದ. ಅನೇಕರಿಗೆ ಗೊತ್ತಿರದ ಸಂಗೀತ ಹೀಗೇ ಗೊತ್ತಾಯಿತು. ಕ್ಯಾಸೆಟ್ ಅಗ್ಗವಾದದ್ದರಿಂದ ಸಣ್ಣ ಕಂಪನಿಗಳು ಎದ್ದವು, ಎಚ್‌ಎಂವಿಯ ಏಕಸ್ವಾಮ್ಯ ಮುರಿಯಿತು. ಲಹರಿ, ಸಂಗೀತಾದಂಥ ಕಂಪನಿಗಳಿಂದ ಭಾವಗೀತೆ, ದಾಸರ ಪದ, ಜಾನಪದ, ಯಕ್ಷಗಾನ ಪ್ರಸಂಗ, ಹಾಸ್ಯ ಎಲ್ಲವೂ ಕ್ಯಾಸೆಟ್ಟಾಗಿ ಹಳ್ಳಿ ತಲುಪಿತು.

ಆದರೆ ಆ ಅಂಗಡಿಯವನಿಗೂ ಕಪಾಟು ಇದ್ದದ್ದು ಒಂದೇ. ಮಾರಾಟವಾಗದ ಕ್ಯಾಸೆಟ್ ಇಟ್ಟುಕೊಂಡರೆ ನಷ್ಟ ಅವನದ್ದು. ಹಾಗಾಗಿ ವಿಚಿತ್ರವಾದದ್ದು, ಹೆಸರಿಡಲಾಗದ್ದು ಆಗಲೂ ಜಿಲ್ಲೆಗೆ ಬರುತ್ತಿರಲಿಲ್ಲ. ಕೆಲವು ಸಲ ದೇಶದ ಅಂಗಡಿಗಳಲ್ಲೇ ನಿಲ್ಲುತ್ತಿರಲಿಲ್ಲ. ಎರಡು ಉದಾಹರಣೆ ವಿವರವಾಗಿ ನೋಡುವುದು ಒಳ್ಳೆಯದು, ಯಾಕೆಂದರೆ ಕಳೆದುಹೋದ ಆಲ್ಬಂ ಹೇಗೆ ಮರಳಿ ಸಿಗುತ್ತದೆ ಎಂಬುದು ಇವುಗಳಲ್ಲಿ ಸ್ಪಷ್ಟವಾಗಿದೆ.

ಚರಣಜಿತ್ ಸಿಂಗ್ ಹಿಂದಿ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಮುಂಬೈನ ವಾದಕ. 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಥರದ ಹೊಸ ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನಿಟ್ಟುಕೊಂಡು, ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳನ್ನು ನುಡಿಸಿ ಎಚ್‌ಎಂವಿಗೆ ಒಂದು ಎಲ್‌ಪಿ ಮಾಡಿದರು. ಯಾರೂ ಕಿವಿಗೊಡಲಿಲ್ಲ. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ತನ್ನ ಬಾಂಬೆ ಕನೆಕ್ಷನ್ ಲೇಬಲ್ಲಿನಿಂದ ಅವನು ಮರುಮುದ್ರಿಸಿದಾಗ ಯೂರೋಪಿನವರು ಬೆರಗಾದರು. ಶಿಕಾಗೋದಲ್ಲಿ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತಕ್ಕೆ ಹೆಸರು ತಂದುಕೊಟ್ಟ ರೆಕಾರ್ಡ್ ಬಂದದ್ದು 1987ರಲ್ಲಿ. ಅದೇ ಟಿಬಿ-303 ಯಂತ್ರದಿಂದ ಅಂಥದ್ದೇ ನಾದವನ್ನು ಐದು ವರ್ಷ ಮೊದಲೇ ಚರಣಜಿತ್ ಮುಂಬೈನಲ್ಲಿ ಭೈರವ್, ಲಲಿತ್ ರಾಗಗಳಿಗೆ ಹೊರಡಿಸಿದ್ದರು. ಎಪ್ಪತ್ತು ದಾಟಿದ ಮೇಲೆ ಅವರು ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿದರು.

ಇನ್ನೊಂದು ಅಹಮದಾಬಾದಿನದ್ದು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಇರುವ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ ಅದರ ಮೇಲೆ ಕೆಲಸ ಮಾಡಿದರು. ಆ ಟೇಪುಗಳು ದಶಕಗಟ್ಟಲೆ ಸಂಸ್ಥೆಯ ಸಂಗ್ರಹದಲ್ಲೇ ಉಳಿದವು. ಅವನ್ನು ಹುಡುಕಿ ತೆಗೆದವರು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್. 1969ರಿಂದ 1972ರವರೆಗಿನ ಆಯ್ದ ತುಣುಕುಗಳು 2023ರಲ್ಲಿ ಆಲ್ಬಂ ಆಗಿ ಬಂದವು, ಅದೂ ಲಂಡನ್ನಿನಿಂದ. ಭಾರತದ ಎಲೆಕ್ಟ್ರಾನಿಕ್ ಸಂಗೀತ ತೊಂಬತ್ತರ ದಶಕದ ಪಾರ್ಟಿಗಳಲ್ಲಿ ಹುಟ್ಟಿತು ಎಂದುಕೊಂಡಿದ್ದವರೆಲ್ಲ ಇತಿಹಾಸವನ್ನು ಇಪ್ಪತ್ತು ವರ್ಷ ಹಿಂದಕ್ಕೆ ತಳ್ಳಬೇಕಾಯಿತು.

ನಮ್ಮ ರಾಜ್ಯದ್ದೂ ಒಂದಿದೆ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಮೃದಂಗ, ಘಟ, ಖಂಜಿರ, ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲು, ರಮಾಮಣಿಯವರ ದನಿ, ಇವೆಲ್ಲದರ ನಡುವೆ ಸ್ಯಾಕ್ಸ್ ಓಡಾಡುತ್ತದೆ. ಹೊರತಂದದ್ದು ಮ್ಯೂನಿಕ್ಕಿನ ಇಸಿಎಂ, ಜಾಝ್ ಲೋಕದ ಅತಿ ಗೌರವದ ಲೇಬಲ್‌ಗಳಲ್ಲೊಂದು. ಇಸಿಎಂ 2017ರಲ್ಲಿ ತನ್ನ ಸಂಗ್ರಹವನ್ನು ಸ್ಟ್ರೀಮಿಂಗಿಗೆ ತೆರೆಯಿತು. ಆದರೆ ಈ ಆಲ್ಬಂ ಮರಿಯಾನೊ ಹೆಸರಿನಡಿ, ಜಾಝ್ ಎಂಬ ಖಾನೆಯಲ್ಲಿ ಕೂತಿರುತ್ತದೆ. ಕರ್ನಾಟಕದ ಕೇಳುಗನಿಗೆ ಇದು ಅವನ ಪಕ್ಕದ ಊರಿನ ಸಂಗೀತವೆಂದು ಯಾವ ಯಂತ್ರವೂ ಹೇಳುವುದಿಲ್ಲ. ಹೆಸರಿನಲ್ಲೇ ಕರ್ನಾಟಕ ಇದೆಯಲ್ಲ ಎಂದರೆ, ಇದೆ, ಆದರೆ ಹುಡುಕುವವರು ಯಾರು?

ಡಚ್ ಸಂಗ್ರಾಹಕ, ಲಂಡನ್ನಿನ ಲೇಬಲ್, ಮ್ಯೂನಿಕ್ಕಿನ ಸಂಪಾದಕ. ಹೊರಗಿನವರಿಗೆ ನಮ್ಮ ಸಂಗೀತದ ಮೇಲೆ ನಮಗಿಂತ ಹೆಚ್ಚು ಪ್ರೀತಿ ಎಂದು ಇದಕ್ಕೆ ಅರ್ಥ ಕಟ್ಟುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಅಲ್ಲಿ ಸಣ್ಣ ಲೇಬಲ್ ಎಂಬ ಒಂದು ವ್ಯವಸ್ಥೆ ಗಟ್ಟಿಯಾಗಿ ಬೇರೂರಿದೆ. ಹಕ್ಕು ಯಾರದ್ದೆಂದು ಪತ್ತೆ ಮಾಡುವುದು, ಒಪ್ಪಂದ ಮಾಡುವುದು, ಟೇಪ್ ಶುಚಿ ಮಾಡುವುದು, ಕವರಿನೊಳಗೆ ನಾಲ್ಕು ಪುಟ ಟಿಪ್ಪಣಿ ಬರೆಸುವುದು, ಐನೂರು ಪ್ರತಿ ಒತ್ತಿಸಿ ಆ ಐನೂರು ಜನರಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ನಮ್ಮ ದೊಡ್ಡ ಕಂಪನಿಗಳು ಹಕ್ಕನ್ನು ಇಟ್ಟುಕೊಂಡಿವೆ, ಉಳಿದ ಕೆಲಸಗಳನ್ನು ಬಿಟ್ಟಿವೆ. ಅಪವಾದಗಳಿಲ್ಲವೆಂದಲ್ಲ. ದೆಹಲಿಯ ಅಮರ್ರಸ್ ರೆಕಾರ್ಡ್ಸ್ ರಾಜಸ್ಥಾನದ ಮಾಂಗಣಿಯಾರ್ ಕಲಾವಿದರನ್ನು ಇಂಥ ಕಾಳಜಿಯಿಂದ ಧ್ವನಿಮುದ್ರಿಸಿದೆ.

ಶೃಂಗೇರಿ, ಕೊಪ್ಪದ ಕಡೆ ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬಂದು ಹಾಡುವ ಅಂಟಿಗೆ ಪಂಟಿಗೆಗೆ ಅಂಥದ್ದೊಂದು ಲೇಬಲ್ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಈಗ ಸಿಗುವುದು ಹೆಚ್ಚಾಗಿ ಮೊಬೈಲಿನಲ್ಲಿ ಹಿಡಿದ ಉದ್ದುದ್ದ ವಿಡಿಯೋ. ಹಾಡಿದವರ ಹೆಸರಿಲ್ಲ, ಊರಿಲ್ಲ, ಯಾವ ಹಾಡು ಎಲ್ಲಿ ಶುರುವಾಯಿತೆಂಬ ಗುರುತಿಲ್ಲ.

ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಜಪಾನಿನ ಮಿಡೋರಿ ತಕಾಡ 1983ರಲ್ಲಿ ಮಾಡಿ ಎಲ್ಲರೂ ಮರೆತಿದ್ದ ಆಲ್ಬಂ ಯೂಟ್ಯೂಬಿನ ಶಿಫಾರಸಿನಿಂದಲೇ ಲಕ್ಷಾಂತರ ಜನರಿಗೆ ತಲುಪಿತು, 2017ರಲ್ಲಿ ಮರುಮುದ್ರಣವಾಯಿತು. ಬಂಗಾಳದ ರೂಪಾ ಬಿಸ್ವಾಸ್ ಅವರ 1982ರ ‘ಡಿಸ್ಕೋ ಜಾಝ್’ ಕೂಡ ಯೂಟ್ಯೂಬಿನಲ್ಲಿ ಹಬ್ಬಿ, 2019ರಲ್ಲಿ ಅಮೆರಿಕದ ನ್ಯೂಮೆರೊ ಗ್ರೂಪ್ ಮೂಲಕ ಹೊಸದಾಗಿ ಬಂತು. ಆದರೆ ಗಮನಿಸಿ: ಎರಡನ್ನೂ ಮೊದಲು ಯಾರೋ ಒಬ್ಬ ಮನುಷ್ಯ ಹುಡುಕಿ ಅಪ್‌ಲೋಡ್ ಮಾಡಿದ್ದ. ಯಂತ್ರ ಅದನ್ನು ಹಿಗ್ಗಿಸಿತು ಅಷ್ಟೇ. ಹಿಗ್ಗಿಸಿದ್ದೂ ಒಂದನ್ನೇ, ಅದರ ಅಕ್ಕಪಕ್ಕದ ಹತ್ತಾರು ರೆಕಾರ್ಡುಗಳು ಇದ್ದಲ್ಲೇ ಇವೆ.

ಕಿವಿಗೆ ಇದು ಹೊಸದೇ?

‘ಪ್ರಯೋಗಶೀಲ’ ಎಂದ ಕೂಡಲೇ ನಮ್ಮೂರಲ್ಲಿ ಒಂದು ಮಾತು ಬರುತ್ತದೆ: ಅದೆಲ್ಲ ಪಟ್ಟಣದವರ ಶೋಕಿ, ನಮ್ಮ ಕಿವಿಗೆ ಹಿಡಿಸುವುದಿಲ್ಲ. ಪಶ್ಚಿಮದಲ್ಲಿ ‘ಡ್ರೋನ್’ ಎಂದು ಕರೆಯುವ ಪ್ರಯೋಗವನ್ನು ನೋಡಿ. ತಾಸುಗಟ್ಟಲೆ ಒಂದೇ ನಾದ, ಒಳಗೆ ಸೂಕ್ಷ್ಮವಾಗಿ ಬದಲಾಗುವ ಕಂಪನ. ಅದರ ದೊಡ್ಡ ಹೆಸರು ನ್ಯೂಯಾರ್ಕಿನ ಲಾ ಮಾಂಟೆ ಯಂಗ್. 1970ರಲ್ಲಿ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರನ್ನು ಅಮೆರಿಕಕ್ಕೆ ಕರೆಸಿಕೊಂಡು, ಶಿಷ್ಯನಾಗಿ, ತಂಬೂರಿ ಮೀಟುವುದನ್ನೇ ವರ್ಷಗಟ್ಟಲೆ ಕಲಿತವರು ಅವರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಕಟ್ಟಿಸಿದ ಧ್ಯಾನ ಮಂದಿರವೇ ತಂಬೂರಿಯ ಆಕಾರದಲ್ಲಿದೆ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಬಂದ ಊರು ಅದು. ಹಾಸನದ ಯಾವ ಭಜನಾ ಮಂಡಳಿಗೆ ಹೋದರೂ ಮೂಲೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಗುಂಯ್ಗುಡುತ್ತಿರುತ್ತದೆ, ಬೆಂಗಳೂರಿನ ರಾಡೆಲ್ ಕಂಪನಿ ಮನೆಮಾತಾಗಿಸಿದ ಪೆಟ್ಟಿಗೆ. ಹಾಡುವವರು ಬರುವ ಮುಂಚೆ ಅರ್ಧ ಗಂಟೆ ಆ ಪೆಟ್ಟಿಗೆಯೊಂದನ್ನೇ ಕೇಳುತ್ತಾ ಕೂತವರಿಗೆ ಡ್ರೋನ್ ಆಲ್ಬಂ ಕಷ್ಟವಾಗಬಾರದು.

ಕಷ್ಟವಾಗುವುದು ಪರಿಚಯ ಮಾಡಿಸುವವರಿಲ್ಲದೆ. ಭಾವಗೀತೆ ನಮಗೆ ಹಿಡಿಸಿದ್ದು ಕವಿತೆ ಶಾಲೆಯಲ್ಲಿ ಪಾಠವಾಗಿತ್ತು, ರೇಡಿಯೋದಲ್ಲಿ ದಿನಾ ಬರುತ್ತಿತ್ತು, ಮದುವೆ ಮನೆಯಲ್ಲಿ ಯಾರೋ ಹಾಡುತ್ತಿದ್ದರು ಎಂಬ ಕಾರಣಕ್ಕೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಡಿದಾಗ ರಾಕ್ ಎಂದು ಯಾರೂ ಹೆದರಲಿಲ್ಲ, ಶರೀಫರು ಮೊದಲೇ ಪರಿಚಯವಿದ್ದರು. ಸ್ವರಾತ್ಮ ಬ್ಯಾಂಡಿನವರಿಗೂ ಜಾನಪದದ ಅದೇ ಅನುಕೂಲವಿತ್ತು. ಬೆಂಗಳೂರಿನ ಸಲ್ಕ್ ಸ್ಟೇಷನ್ ಜೋಡಿಯ 2012ರ ‘ಟಿಲ್ ಯು ಅಪಿಯರ್’ ಆಲ್ಬಂನಲ್ಲಿ ನಿಧಾನಗತಿಯ ಎಲೆಕ್ಟ್ರಾನಿಕ್ ತಾಳದ ಮೇಲೆ ಹಿಂದೂಸ್ತಾನಿ ಛಾಯೆಯ ಗಾಯನವಿದೆ. ನನ್ನ ಮಟ್ಟಿಗೆ ಮಲೆನಾಡಿನ ಮಳೆಗಾಲಕ್ಕೆ ಅದಕ್ಕಿಂತ ಹೊಂದುವ ಆಲ್ಬಂ ಇಲ್ಲ. ಅದಕ್ಕೆ ಮಾತ್ರ ಶರೀಫರಂಥ ಜಾಮೀನುದಾರರಿರಲಿಲ್ಲ.

ಹಾಗಾದರೆ ಹುಡುಕುವುದು ಹೇಗೆ?

ಮುಖ್ಯ ದಾರಿ ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಶುರುವಾದ ಈ ತಾಣದಲ್ಲಿ ಕಲಾವಿದ ತನ್ನ ಆಲ್ಬಂಗೆ ತಾನೇ ಬೆಲೆ ಕಟ್ಟುತ್ತಾನೆ. ಕೆಲವರು ‘ನಿಮಗಿಷ್ಟ ಬಂದಷ್ಟು ಕೊಡಿ’ ಅನ್ನುತ್ತಾರೆ, ಸೊನ್ನೆಯೂ ನಡೆಯುತ್ತದೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಶೇ 15. ಪಾವತಿ ಶುಲ್ಕ ಕಳೆದರೂ ಸರಾಸರಿ ಶೇ 82ರಷ್ಟು ಕಲಾವಿದನಿಗೋ ಲೇಬಲ್ಲಿಗೋ ಸೇರುತ್ತದೆ ಎಂದು ತಾಣ ಹೇಳುತ್ತದೆ. 2022ರಲ್ಲಿ ಇದನ್ನು ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಮಾರಿತು, ಆಗ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಹಾಗಾಗಿ ಇದೇ ಶಾಶ್ವತ ಆಸರೆ ಎಂದು ನಂಬುವಂತಿಲ್ಲ. ಆದರೂ 2026ರ ಜನವರಿಯಲ್ಲಿ ಎಐನಿಂದ ಮಾಡಿದ ಸಂಗೀತವನ್ನು ಇಲ್ಲಿ ಬಿಡುವುದಿಲ್ಲ ಎಂದು ಅದು ಘೋಷಿಸಿತು. ಮೇಲೆ ಹೇಳಿದ ಡೀಜರ್ ಲೆಕ್ಕದ ಮುಂದೆ ಇಟ್ಟು ನೋಡಿದರೆ ಇದು ಸಣ್ಣ ಮಾತಲ್ಲ.

ಇದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹುಡುಕುವ ಪೆಟ್ಟಿಗೆಯಲ್ಲ. ಪ್ರತಿ ಆಲ್ಬಂ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಎಲ್ಲ ಆಲ್ಬಂಗಳ ಸಾಲು ತೆರೆದುಕೊಳ್ಳುತ್ತದೆ. ನೀವು ಮೆಚ್ಚಿದ ಆಲ್ಬಂ ಜೊತೆಗೆ ನೀವು ಕೇಳೇ ಇರದ ನೂರು ಹೆಸರು. ಇವರು ದುಡ್ಡು ಕೊಟ್ಟು ಕೊಂಡವರು, ಸುಮ್ಮನೆ ಕಿವಿ ಮೇಲೆ ಹಾಯಿಸಿಕೊಂಡವರಲ್ಲ. ಕ್ಯಾಸೆಟ್ ಅಂಗಡಿಯವನ ಕೆಲಸವನ್ನು ಈಗ ಯಾರಾದರೂ ಮಾಡುತ್ತಿದ್ದರೆ ಈ ಅಪರಿಚಿತರೇ. ಪುಟದ ಕೆಳಗಿನ ಟ್ಯಾಗುಗಳಲ್ಲಿ ಶೈಲಿಯ ಜೊತೆ ಊರಿನ ಹೆಸರೂ ಇರುತ್ತದೆ. ಬೆಂಗಳೂರಿನ ಟ್ಯಾಗ್ ಒತ್ತಿ ಒಂದು ಭಾನುವಾರ ಕಳೆದರೆ ಸಿನಿಮಾ ಹೊರಗೆ ಆ ಊರಲ್ಲಿ ಏನೇನು ನಡೆಯುತ್ತಿದೆ ಎಂಬ ಅಂದಾಜು ಸಿಗುತ್ತದೆ.

ಎರಡನೆಯದು, ಹಾಡಿನ ಹಿಂದೆ ಹೋಗುವ ಬದಲು ಲೇಬಲ್ ಹಿಂದೆ ಹೋಗುವುದು, ಕ್ರೆಡಿಟ್ ಓದುವುದು. ಒಂದು ಆಲ್ಬಂ ಹಿಡಿಸಿದರೆ ಅದನ್ನು ಮುದ್ರಿಸಿದವರು, ಮಿಕ್ಸ್ ಮಾಡಿದವರು, ಅತಿಥಿಯಾಗಿ ನುಡಿಸಿದವರು ಬೇರೆಲ್ಲೆಲ್ಲಿ ಕೆಲಸ ಮಾಡಿದ್ದಾರೆ ನೋಡಿ. ರೆಕಾರ್ಡುಗಳ ವಿವರ ಕೂಡಿಡುವ, 2000ದಿಂದ ನಡೆಯುತ್ತಿರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಈ ವಿವರ ಹಾಳೆಹಾಳೆಯಾಗಿ ಸಿಗುತ್ತದೆ. ಮೆಟಲ್ ಆದರೆ 2002ರಿಂದ ಇರುವ ಮೆಟಲ್ ಆರ್ಕೈವ್ಸ್‌ನಲ್ಲಿ ದೇಶವಾರು ಪಟ್ಟಿಯಿದೆ. ‘ದ್ವೇಷ’ ಸಿಗುವುದು ಅಲ್ಲಿ, ಕನ್ನಡದ ಯಾವ ಪಟ್ಟಿಯಲ್ಲೂ ಅಲ್ಲ. ಮನುಷ್ಯರೇ ಆರಿಸಿ ಹಾಕುವ ಇಂಟರ್ನೆಟ್ ರೇಡಿಯೋಗಳೂ ಇವೆ: ಲಂಡನ್ನಿನ ಎನ್‌ಟಿಎಸ್, ದೆಹಲಿಯಿಂದ 2017ರಲ್ಲಿ ಶುರುವಾದ ಬಾಕ್ಸ್‌ಔಟ್. ಸ್ಪಾಟಿಫೈ ಒಂದನ್ನೇ ನೆಚ್ಚಿದರೆ ಕೆಲವರು ಸಿಗುವುದೇ ಇಲ್ಲ ಎಂಬುದೂ ತಿಳಿದಿರಲಿ. ಅದರ ಸ್ಥಾಪಕ ಡೇನಿಯಲ್ ಏಕ್ ಅವರ ಹೂಡಿಕೆ ಸಂಸ್ಥೆ 2025ರಲ್ಲಿ ಯುದ್ಧತಂತ್ರಜ್ಞಾನದ ಕಂಪನಿಯೊಂದಕ್ಕೆ ದುಡ್ಡು ಹಾಕಿದ್ದನ್ನು ವಿರೋಧಿಸಿ ಡಿಯರ್‌ಹೂಫ್, ಕಿಂಗ್ ಗಿಜ್ಜರ್ಡ್ ಮುಂತಾದ ಸ್ವತಂತ್ರ ಬ್ಯಾಂಡ್‌ಗಳು ಅಲ್ಲಿಂದ ಹೊರನಡೆದವು.

ಆಲ್ಬಂ ಕೊಂಡು ಫೈಲನ್ನು ಇಳಿಸಿಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವಿದೆ. ಸಕಲೇಶಪುರ ದಾಟಿ ತೋಟದೊಳಗೆ ಇಳಿದರೆ ನೆಟ್‌ವರ್ಕ್ ಇರುವುದು ಒಂದು ಗುಡ್ಡದ ಮೇಲೆ, ಅದೂ ಬಿಸಿಲಿದ್ದಾಗ. ಸ್ಟ್ರೀಮಿಂಗ್ ಅಲ್ಲಿ ನಡೆಯುವುದಿಲ್ಲ. ಪೆನ್‌ಡ್ರೈವ್ ಇವತ್ತಿಗೂ ನಡೆಯುತ್ತದೆ.

ಕೊಳ್ಳುವುದು ಮಾತ್ರ ಸಲೀಸಲ್ಲ. ಬ್ಯಾಂಡ್‌ಕ್ಯಾಂಪಿನಲ್ಲಿ ಯುಪಿಐ ಇಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪಿಗೆ ಹೋಗಿ ನಾವೇ ತೆರೆಯಬೇಕು. ಇನ್ನೂ ತಮಾಷೆಯದ್ದು ಪೇಪಾಲ್. ಬ್ಯಾಂಡ್‌ಕ್ಯಾಂಪ್ ಕಲಾವಿದರಿಗೆ ಹಣ ಮುಟ್ಟಿಸುವುದು ಪೇಪಾಲ್ ಮೂಲಕ, ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಹೀಗಾಗಿ ಬೆಂಗಳೂರಿನ ಬ್ಯಾಂಡಿನ ಆಲ್ಬಂ ಕೊಳ್ಳುವುದು ಬರ್ಲಿನ್ನಿನವನಿಗೆ ಸುಲಭ, ಹಾಸನದವನಿಗೆ ತೊಡಕು. ಹೆಸರನ್ನು ಹೊರಗಿನವರು ಹೇಳಬೇಕು, ದುಡ್ಡನ್ನೂ ಹೊರಗಿನವರೇ ಕೊಡಬೇಕು! ಕೆಲವು ಬ್ಯಾಂಡ್‌ಗಳು ತಮ್ಮ ಪುಟದಲ್ಲೇ ಯುಪಿಐ ಐಡಿ ಹಾಕಿ, ಹಣ ಬಂದ ಮೇಲೆ ಡೌನ್‌ಲೋಡ್ ಕೋಡ್ ಕಳಿಸುತ್ತವೆ. ಕೇಳಿದರೆ ಬಹಳಷ್ಟು ಬ್ಯಾಂಡ್‌ಗಳು ಒಪ್ಪಬಹುದು.

ಊರಿನಲ್ಲೇ ಆಗಬಹುದಾದದ್ದು

ಹಾಸನ–ಬೆಂಗಳೂರು ನಡುವೆ ಶ್ರವಣಬೆಳಗೊಳದ ಮೇಲೆ 2017ರಿಂದ ನೇರ ರೈಲಿದೆ. ಆದರೆ ಗಿಗ್ ಶುರುವಾಗುವುದೇ ರಾತ್ರಿ ಎಂಟರ ಮೇಲೆ, ಮುಗಿದಾಗ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯಬೇಕು. ಇದನ್ನು ತಿಂಗಳಿಗೊಮ್ಮೆ ಮಾಡುವವರು ಇಪ್ಪತ್ತರ ಹುಡುಗರು ಮಾತ್ರ. ಬ್ಯಾಂಡ್‌ಗಳು ಇತ್ತ ಬರುವುದೂ ಇಲ್ಲ. ಬಂದರೆ ರೆಸಾರ್ಟಿಗೆ, ಅದೂ ವಾರಾಂತ್ಯದ ಬೆಂಗಳೂರಿನವರಿಗೆ ನುಡಿಸಲು. ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳೆಲ್ಲ ಸಿನಿಮಾ ಹಾಡಿನ ಆರ್ಕೆಸ್ಟ್ರಾದ್ದು, ಅದು ಅವರ ಹೊಟ್ಟೆಪಾಡು, ಅದಕ್ಕೆ ನನ್ನ ತಕರಾರಿಲ್ಲ.

ಇಲ್ಲೇ ಕೂತು ಮನೆಯಲ್ಲಿ ಹಾಡು ಮಾಡಿ ಬಿಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಅಪ್‌ಲೋಡ್ ಮಾಡುವಾಗ ಕಾಣುವ ಖಾನೆಗಳನ್ನು ಖಾಲಿ ಬಿಡಬೇಡಿ. ಭಾಷೆಯ ಖಾನೆಯಲ್ಲಿ ಕನ್ನಡ ಎಂದು ಆರಿಸಿ. ಹೆಸರನ್ನು ಕನ್ನಡ ಲಿಪಿಯಲ್ಲೂ ಒಂದೇ ಖಚಿತ ಇಂಗ್ಲಿಷ್ ಕಾಗುಣಿತದಲ್ಲೂ ಕೊಡಿ, ಎಲ್ಲ ಕಡೆ ಅದನ್ನೇ ಬಳಸಿ. ತಮಟೆ ಬಾರಿಸಿದವರ ಹೆಸರು, ಧ್ವನಿಮುದ್ರಣ ಮಾಡಿದ ಊರು, ಇಸವಿ ಬರೆಯಿರಿ. ನಲವತ್ತು ವರ್ಷದ ನಂತರ ಯಾವನೋ ಸಂಗ್ರಾಹಕ ನಿಮ್ಮನ್ನು ಹುಡುಕುವಾಗ ಅವನಿಗಿರುವ ಸುಳಿವು ಅಷ್ಟೇ.

ಇನ್ನು ಹೆಸರು ಹೇಳುವ ಮನುಷ್ಯನ ವಿಚಾರ. ಆ ಕೆಲಸಕ್ಕೆ ಬೇಕಾದ ಸಲಕರಣೆ ಇರುವ ಸಂಸ್ಥೆ ನಮ್ಮ ಜಿಲ್ಲೆಯಲ್ಲಿ ಒಂದಾದರೂ ಇದೆ, ಹಾಸನ ಆಕಾಶವಾಣಿ. ಟ್ರಾನ್ಸ್‌ಮಿಟರ್ ಇದೆ, ಸ್ಟುಡಿಯೋ ಇದೆ, ಕನ್ನಡ ಚೆನ್ನಾಗಿ ಮಾತಾಡುವ ಉದ್ಘೋಷಕರಿದ್ದಾರೆ, ತೋಟದ ಲೈನ್ ಮನೆಯಿಂದ ಕೆಎಸ್‌ಆರ್‌ಟಿಸಿ ಡ್ರೈವರ್‌ವರೆಗೆ ಕೇಳುಗರಿದ್ದಾರೆ. ಆಕಾಶವಾಣಿಯ ಆಡಿಷನ್ ಪದ್ಧತಿ ಶಾಸ್ತ್ರೀಯ, ಸುಗಮ ಸಂಗೀತ, ಜಾನಪದ ಎಂದು ವಿಂಗಡಿಸಿ ಬಿ, ಬಿ-ಹೈ, ಎ ಎಂದು ಶ್ರೇಣಿ ಕೊಡುತ್ತದೆ. ತಂಬೂರಿಯನ್ನು ಸಿಂಥಸೈಜರಿಗೆ ಜೋಡಿಸಿ ನುಡಿಸುವವನು ಯಾವ ಅರ್ಜಿ ತುಂಬಬೇಕು ಎಂಬುದು ಸ್ಪಷ್ಟವಿಲ್ಲ. ಆದರೆ ವಾರಕ್ಕೆ ಅರ್ಧ ಗಂಟೆ ಧ್ವನಿಮುದ್ರಿತ ಆಲ್ಬಂಗಳನ್ನು ಪರಿಚಯಿಸಲು ಆಡಿಷನ್ ಬೇಕಿಲ್ಲ. ಸಿನಿಮಾ ಹಾಡಾದರೆ ಹಕ್ಕು ಕಂಪನಿಯದ್ದು. ಸ್ವಂತ ಖರ್ಚಿನಲ್ಲಿ ಸ್ವಂತ ರಚನೆ ಹಾಡಿದವರ ಆಲ್ಬಂಗೆ ಒಪ್ಪಿಗೆ ಕೊಡಬೇಕಾದವರು ಹಾಡಿದವರೇ, ಅವರ ಇಮೇಲ್ ವಿಳಾಸ ಹೆಚ್ಚಾಗಿ ಆಲ್ಬಂ ಪುಟದಲ್ಲೇ ಇರುತ್ತದೆ.